ಹನ್ನೊಂದಕ್ಕೆ ಗಾಳ ಮೇಲೆ

ಕಳೆದ ಸಂಚಿಕೆಯಲ್ಲಿ ಸಂಪಾದಕರು ‘ಗಾಳ ಹಾಕಲು ಕಡಲಿಗೆ ಹೋಗುವ ಆಸೆ ಇರುವವರು ಪ್ರಶ್ನೆ ಕಳುಹಿಸಿ, ಮಲ್ಪೆಯ ತಂಡೇಲರೊಬ್ಬರು (ದೋಣಿ ನಡೆಸುವ ಮುಖ್ಯಸ್ಥರು) ಉತ್ತರಿಸುತ್ತಾರೆ’ ಎಂದು ನಾಲ್ಕು ಸಾಲು ಹಾಕಿದ್ದರು. ಪತ್ರಗಳ ಕಟ್ಟು ಮನೆಗೆ ಬಂದಾಗ ನನ್ನ ಹೆಂಡತಿ, ‘ಈ ವರ್ಷ ಮೀನಿಗಿಂತ ಪ್ರಶ್ನೆಯೇ ಹೆಚ್ಚು ಬಿದ್ದಿದೆ’ ಎಂದಳು. ನನ್ನ ಬಗ್ಗೆ ಎರಡೇ ಮಾತು ಸಾಕು. ಹದಿನಾರನೆಯ ವಯಸ್ಸಿಗೆ ಅಪ್ಪನ ನಾಡದೋಣಿ ಹತ್ತಿದೆ. ಆಮೇಲೆ ಹತ್ತೊಂಬತ್ತು ವರ್ಷ ಬಲೆ ಎಳೆಯುವ ಟ್ರಾಲ್ ಬೋಟಿನಲ್ಲಿ ಮೊದಲು ಕಲಾಸಿಯಾಗಿ (ಬೋಟಿನ ಕೆಲಸಗಾರನಾಗಿ), ನಂತರ ತಂಡೇಲನಾಗಿ ದುಡಿದೆ. ಸೊಂಟ ಮುಷ್ಕರ ಹೂಡಿದ ಮೇಲೆ ಬಲೆ ಬಿಟ್ಟು ಗಾಳಕ್ಕೆ ಮರಳಿದೆ. ಈಗ ಎಂಟು ವರ್ಷಗಳಿಂದ ಇಪ್ಪತ್ತೆಂಟು ಅಡಿಯ ಫೈಬರ್ ದೋಣಿಯಲ್ಲಿ ಆಸಕ್ತರನ್ನು ಅರ್ಧ ದಿನದ ಮಟ್ಟಿಗೆ ಕರೆದೊಯ್ಯುತ್ತೇನೆ. ಮಾತು ನನ್ನದು, ಕಾಗುಣಿತ ಮಗಳದ್ದು.

ಪ್ರ: ಡಿಸೆಂಬರಿನಲ್ಲಿ ನಾವು ನಾಲ್ವರು ಗೆಳೆಯರು ಮಲ್ಪೆಗೆ ಬರುತ್ತಿದ್ದೇವೆ. ದೋಣಿಯವರೊಬ್ಬರು ‘ಅರ್ಧ ದಿನದ ಆಳಸಮುದ್ರ ಗಾಳ ವಿಹಾರ, ಬೆಳಿಗ್ಗೆ 5:30ರಿಂದ 12:30’ ಎಂದು ಹೇಳಿದ್ದಾರೆ. ನಾವು ಊರಿನ ಕೆರೆಯಲ್ಲಿ ಬಿಟ್ಟು ಬೇರೆಲ್ಲೂ ಗಾಳ ಹಾಕಿದವರಲ್ಲ. ಏಳು ಗಂಟೆಯಲ್ಲಿ ಎಷ್ಟು ಮೀನು ಸಿಗಬಹುದು? ನಮ್ಮ ಗಾಳದ ಕೋಲನ್ನೇ ತರಬಹುದೇ?
— ದಾವಣಗೆರೆಯ ಓದುಗರು

ಉ: ಮೊದಲು ಆ ‘ಆಳಸಮುದ್ರ’ ಎಂಬ ಪದವನ್ನು ಮರೆತುಬಿಡಿ. ಮಲ್ಪೆಯಲ್ಲಿ ಆಳಸಮುದ್ರಕ್ಕೆ ಹೋಗುವುದೆಂದರೆ ಅಕ್ಕಿ, ನೀರು, ಐಸ್ ತುಂಬಿಕೊಂಡು ಎಂಟು ಹತ್ತು ದಿನ ಮನೆಯ ಮುಖ ನೋಡದೆ ಇರುವುದು. ನೀವು ಹೋಗುವುದು ಹೆಚ್ಚೆಂದರೆ ಹನ್ನೆರಡು ನಾಟಿಕಲ್ ಮೈಲು, ಅಂದರೆ ಇಪ್ಪತ್ತೆರಡು ಕಿಲೋಮೀಟರ್. ಅಲ್ಲಿ ನೀರು ಹದಿನೈದರಿಂದ ಇಪ್ಪತ್ತು ಮಾರು ಆಳ. ಒಂದು ಮಾರು ಎಂದರೆ ಎರಡೂ ಕೈ ಚಾಚಿದಷ್ಟು, ಆರು ಅಡಿ ಎಂದು ಇಟ್ಟುಕೊಳ್ಳಿ.

ಇನ್ನು ನಿಮ್ಮ ಏಳು ಗಂಟೆಯ ಲೆಕ್ಕ. ಐದೂವರೆಗೆ ದಕ್ಕೆಗೆ (ದೋಣಿ ಹತ್ತುವ ಕಟ್ಟೆಗೆ) ಬನ್ನಿ ಎಂದರೆ ನಾಲ್ವರಲ್ಲಿ ಒಬ್ಬರಾದರೂ ಲಾಡ್ಜಿನಲ್ಲಿ ಮೊಬೈಲ್ ಚಾರ್ಜರ್ ಹುಡುಕುತ್ತಿರುತ್ತಾರೆ. ಲೈಫ್ ಜಾಕೆಟ್ ಕಟ್ಟಿ, ಹೆಸರು ಬರೆದು, ಅಳಿವೆ ದಾಟುವಾಗ ಆರು ಗಂಟೆ. ನನ್ನ ದೋಣಿ ಗಂಟೆಗೆ ಎಂಟು ಮೈಲು ಓಡುತ್ತದೆ. ಹನ್ನೆರಡು ಮೈಲಿಗೆ ಒಂದೂವರೆ ಗಂಟೆ ಹೋಗಲು, ಒಂದೂವರೆ ಗಂಟೆ ಬರಲು. ಹನ್ನೊಂದಕ್ಕೆ ನಾನು ಗಾಳ ಮೇಲೆತ್ತಿಸುತ್ತೇನೆ. ಉಳಿಯಿತಲ್ಲ, ಮೂರೂವರೆ ಗಂಟೆ? ಅದರಲ್ಲಿ ಮೊದಲ ಅರ್ಧ ಗಂಟೆ ನಿಮಗೆ ರೀಲ್ ತಿರುಗಿಸಲು ಕಲಿಸುವುದಕ್ಕೆ, ಇನ್ನರ್ಧ ಗಂಟೆ ನಿಮ್ಮ ಗಾಳಕ್ಕೆ ನಿಮ್ಮ ಗೆಳೆಯನ ಗಾಳ ಸಿಕ್ಕಿಕೊಂಡದ್ದನ್ನು ಬಿಡಿಸುವುದಕ್ಕೆ. ನಿಜವಾಗಿ ಗಾಳ ನೀರಿನಲ್ಲಿರುವುದು ಎರಡು, ಎರಡೂವರೆ ಗಂಟೆ. ಇದನ್ನು ಮೊದಲೇ ಹೇಳದ ದೋಣಿಯವರ ಜೊತೆಯೇ ಆಮೇಲೆ ಜಗಳವಾಗುವುದು.

ಹಾಗೆಂದು ಹೋಗುವ ಒಂದೂವರೆ ಗಂಟೆ ಸುಮ್ಮನೆ ಕಳೆಯುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ಕಾಣುವಾಗ ಆರೂಮುಕ್ಕಾಲು. ಅದಕ್ಕೆ ಸ್ವಲ್ಪ ಮೊದಲು, ಸೇಂಟ್ ಮೇರೀಸ್ ದ್ವೀಪ ಹಿಂದಾದ ಮೇಲೆ, ವೇಗ ತಗ್ಗಿಸಿ ಹಿಂಬದಿಯಿಂದ ಎರಡು ದಾರ ಬಿಡುತ್ತೇವೆ. ತುದಿಯಲ್ಲಿ ಮೀನಿನಾಕಾರದ ಪ್ಲಾಸ್ಟಿಕ್ ಬೇಟು, ಅಂದರೆ ಆಮಿಷ. ಅದು ಓಡುವ ಬೂತಾಯಿ ಮೀನಿನಂತೆ ಕಾಣಬೇಕು. ಅಂಜಲ್ (ಸೀರ್ ಮೀನು) ಕಚ್ಚುವುದಿದ್ದರೆ ಈ ಹೊತ್ತಿಗೇ ಕಚ್ಚುತ್ತದೆ. ಕಚ್ಚಿತೋ, ರೀಲ್ ಕಿರ್ ಎಂದು ಕೂಗುತ್ತದೆ, ದಾರ ಐವತ್ತು ಅರವತ್ತು ಮೀಟರ್ ಹೊರಗೋಡುತ್ತದೆ. ಕೆರೆಯಲ್ಲಿ ಹಿಡಿದವರು ಇಲ್ಲಿ ಮಾಡುವ ತಪ್ಪು ಒಂದೇ: ಗಾಬರಿಯಿಂದ ರೀಲಿನ ಬಿಗಿ ಹೆಚ್ಚಿಸುವುದು. ಹೆಚ್ಚಿಸಬೇಡಿ. ದಾರ ತಡೆಯುವ ಭಾರದ ಮೂರನೆಯ ಒಂದು ಪಾಲಿಗೆ ನಾವು ಬಿಗಿ ಮಾಡಿಟ್ಟಿರುತ್ತೇವೆ. ಮೀನು ಓಡುವಾಗ ಓಡಲಿ, ನಿಂತಾಗ ನೀವು ಸುತ್ತಿ. ಅಂಜಲಿನ ಹಲ್ಲು ಕತ್ತರಿಯಂಥದ್ದು. ಅದಕ್ಕಾಗಿಯೇ ಗಾಳಕ್ಕೂ ದಾರಕ್ಕೂ ನಡುವೆ ಒಂದು ಗೇಣು ಉಕ್ಕಿನ ತಂತಿ. ನಿಮ್ಮ ಕೆರೆಯ ಕೋಲಿಗೆ ಈ ತಂತಿಯೂ ಇರುವುದಿಲ್ಲ, ಆ ಬಲವೂ ಇರುವುದಿಲ್ಲ. ಪ್ರೀತಿಯ ವಸ್ತುವಾದರೆ ಮನೆಯಲ್ಲೇ ಇರಲಿ.

ಬಂಡೆಯ ಜಾಗ ತಲುಪಿದ ಮೇಲೆ ಕೆಲಸ ಬೇರೆ. ಎಂಜಿನ್ ನಿಲ್ಲಿಸಿ ಲಂಗರು ಹಾಕಿ, ಸೀಸದ ಗುಂಡು ಕಟ್ಟಿದ ದಾರವನ್ನು ತಳಕ್ಕೆ ಬಿಡುತ್ತೇವೆ. ಬೇಟಿಗೆ ಸಿಗಡಿ, ಇಲ್ಲವೇ ಉದ್ದಕ್ಕೆ ಸೀಳಿದ ಬೊಂಡಾಸ್ (ಸ್ಕ್ವಿಡ್). ಹಿಂದಿನ ರಾತ್ರಿ ಬೊಂಡಾಸ್ ಸೀಳಿ ಉಪ್ಪು ಹಚ್ಚಿಡುವುದು ಹೆಂಡತಿಯ ಕೆಲಸ. ಉಪ್ಪು ಬಿದ್ದರೆ ಅದು ಗಟ್ಟಿಯಾಗಿ ಗಾಳದಲ್ಲಿ ನಿಲ್ಲುತ್ತದೆ. ಇಲ್ಲಿ ಕೆಂಬೇರಿ (ಸ್ನ್ಯಾಪರ್), ಮುರುಮೀನು (ಗ್ರೂಪರ್) ಸಿಗುತ್ತವೆ. ಗುಂಡು ನೆಲ ಮುಟ್ಟಿದ್ದು ಕೈಗೆ ಗೊತ್ತಾಗಬೇಕು, ಮುಟ್ಟಿದ ಮೇಲೆ ಎರಡು ಸುತ್ತು ಮೇಲೆತ್ತಬೇಕು. ಇಲ್ಲದಿದ್ದರೆ ನೀವು ಹಿಡಿಯುವುದು ಬಂಡೆಯನ್ನೇ. ಕೈದಾರ ಹಿಡಿಯುವವರಿಗೆ ಒಂದು ಮಾತು, ಇದನ್ನು ಬೇಕಾದರೆ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ: ದಾರವನ್ನು ಅಂಗೈಗೋ ಬೆರಳಿಗೋ ಸುತ್ತಿಕೊಳ್ಳಬೇಡಿ. ನನ್ನ ಎಡಗೈ ಕಿರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.

ಮೀನು ಎಷ್ಟು ಎಂದು ಕೇಳಿದಿರಿ. ಕಳೆದ ಜನವರಿಯ ಒಂದು ವಾರ ನನ್ನ ಪುಸ್ತಕದಲ್ಲಿ ಹೀಗಿದೆ. ಸೋಮವಾರ ಐದು ಕಿಲೋ ತೂಕದ ಒಂದು ಅಂಜಲ್, ಹನ್ನೊಂದು ಬಂಗುಡೆ. ಬುಧವಾರ ಕೆಂಬೇರಿ ನಾಲ್ಕು. ಶುಕ್ರವಾರ ಏನೂ ಇಲ್ಲ. ಭಾನುವಾರ ಬಂಗುಡೆ ಅರವತ್ತರ ಮೇಲೆ, ಎಣಿಸುವುದನ್ನು ಬಿಟ್ಟೆವು. ಶುಕ್ರವಾರ ಬಂದವರೂ ಭಾನುವಾರ ಬಂದವರೂ ಕೊಟ್ಟದ್ದು ಒಂದೇ ಹಣ.

ಪ್ರ: ಹನ್ನೊಂದು ಗಂಟೆಗೆ ಮೀನು ಚೆನ್ನಾಗಿ ಕಚ್ಚುತ್ತಿದ್ದರೂ ತಂಡೇಲರು ‘ಸಾಕು’ ಎಂದು ತಿರುಗಿಸಿಬಿಟ್ಟರು. ಇನ್ನೊಂದು ಗಂಟೆಗೆ ಹೆಚ್ಚಿನ ಹಣ ಕೊಡುತ್ತೇವೆಂದರೂ ಒಪ್ಪಲಿಲ್ಲ. ಇದು ಯಾವ ನ್ಯಾಯ?
— ಹುಬ್ಬಳ್ಳಿಯ ಓದುಗರು

ಉ: ಆ ತಂಡೇಲ ನಾನಲ್ಲ, ಆದರೆ ಅವರ ಕೈ ಕುಲುಕಬೇಕೆನಿಸಿತು.

ಚಳಿಗಾಲದ ಬೆಳಿಗ್ಗೆ ನಮ್ಮಲ್ಲಿ ಗಾಳಿ ಮೂಡಣದಿಂದ, ನೆಲದ ಕಡೆಯಿಂದ ಬೀಸುತ್ತದೆ. ಕರಾವಳಿಯ ಹತ್ತಿರ ಕಡಲು ಇಸ್ತ್ರಿ ಮಾಡಿದಂತಿರುತ್ತದೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ನಡುವೆ ಹತ್ತರ ಸುಮಾರಿಗೆ ಸ್ವಲ್ಪ ಹೊತ್ತು ಎಲೆ ಅಲುಗದಷ್ಟು ಮೌನ. ಹೊಸಬರಿಗೆ ಅದು ‘ಇನ್ನೂ ಚೆನ್ನಾಗಿದೆಯಲ್ಲ’ ಎನ್ನಿಸುವ ಹೊತ್ತು. ನಮಗೆ ಅದೇ ಗಂಟೆ ಬಾರಿಸಿದಂತೆ. ಮಧ್ಯಾಹ್ನಕ್ಕೆ ವಾಯವ್ಯದ ಗಾಳಿ ಬಲಗೊಂಡು ಬೆಳ್ಳನೆಯ ನೊರೆ ಏಳಲು ತೊಡಗುತ್ತದೆ.

ನಾಲ್ಕು ವರ್ಷದ ಹಿಂದೆ ನಾನೂ ಒಮ್ಮೆ ಸೋತೆ. ಫೆಬ್ರವರಿ. ಮೈಸೂರಿನ ಒಂದು ಕುಟುಂಬ: ಗಂಡ ಹೆಂಡತಿ, ಮಗ, ಅರವತ್ತೆಂಟು ವರ್ಷದ ಅಜ್ಜಿ. ಹನ್ನೊಂದಕ್ಕೆ ಸರಿಯಾಗಿ ಕೇದರ (ಟ್ಯೂನಾ) ಮೀನಿನ ಗುಂಪು ಮೇಲೆದ್ದಿತು, ನೀರು ಕುದಿಯುತ್ತಿರುವಂತೆ. ಹುಡುಗ ಕೈಮುಗಿದ. ಮುಕ್ಕಾಲು ಗಂಟೆ ಉಳಿದೆ. ಎರಡು ಕೇದರ ಸಿಕ್ಕವು, ಆಮೇಲೆ ಗಾಳಿ ಬಂತು. ತೊಂಬತ್ತು ನಿಮಿಷದ ದಾರಿಗೆ ಮೂರು ಗಂಟೆ ಹಿಡಿಯಿತು, ಏಕೆಂದರೆ ಅಲೆ ಹಿಂದಿನ ಮೂಲೆಯಿಂದ ಎತ್ತುವಾಗ ದೋಣಿಯನ್ನು ಓಡಿಸಲಾಗದು, ನಡೆಸಬೇಕು. ಇಳಿತವೂ ಶುರುವಾಗಿತ್ತು. ಅಳಿವೆಯಲ್ಲಿ ಹೊರಗೆ ಹರಿಯುವ ನೀರಿಗೆ ಒಳಗೆ ಬರುವ ಅಲೆ ಎದುರಾದರೆ ಅದು ಗೋಡೆಯಂತೆ ನಿಲ್ಲುತ್ತದೆ. ಎರಡು ಸಲ ಸುತ್ತು ಹಾಕಿ, ಮೂರನೆಯ ಸಲ ಅಲೆಯ ಬೆನ್ನಿಗೆ ಅಂಟಿಕೊಂಡು ಒಳಬಂದೆ. ಯಾರಿಗೂ ಏನೂ ಆಗಲಿಲ್ಲ. ಅಜ್ಜಿಯ ಕನ್ನಡಕ ಮಾತ್ರ ಕಡಲಿಗೆ ಹೋಯಿತು. ಆ ತಾಯಿ ಒಂದೂ ಮಾತು ಆಡದೆ, ದಕ್ಕೆಯ ಮೆಟ್ಟಿಲನ್ನು ಕೈಯಿಂದ ತಡವಿ ತಡವಿ ಹತ್ತಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಎಂಜಿನ್ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ ‘ಹನ್ನೊಂದಕ್ಕೆ ಗಾಳ ಮೇಲೆ’ ಎಂದು ಬರೆಸಿದೆ. ನಿಮ್ಮ ಹೆಚ್ಚಿನ ಹಣ ಗಾಳಿಗೆ ಸಲ್ಲುವುದಿಲ್ಲ ಸ್ವಾಮಿ.

ಪ್ರ: ಘಾಟಿ ರಸ್ತೆಯಲ್ಲೇ ನನಗೆ ವಾಂತಿಯಾಗುತ್ತದೆ. ಕಡಲಿಗೆ ಬರಬಹುದೇ?
— ಚಿಕ್ಕಮಗಳೂರಿನ ಓದುಗರು

ಉ: ಬರಬಹುದು, ಆದರೆ ತಯಾರಾಗಿ ಬನ್ನಿ. ಕಿವಿಯ ಒಳಗಿನ ಸಮತೋಲದ ಅಂಗ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ದೋಣಿಯ ಹಲಗೆ ನೋಡಿ ‘ಇಲ್ಲ’ ಎನ್ನುತ್ತದೆ. ಆ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ಆದ್ದರಿಂದ ಕಣ್ಣಿಗೆ ದೂರದ ದಿಗಂತ ಕೊಡಿ. ಮೊಬೈಲ್ ನೋಡಿದಿರೋ, ಗಾಳಕ್ಕೆ ಬೇಟು ಚುಚ್ಚುತ್ತ ತಲೆ ತಗ್ಗಿಸಿ ಕುಳಿತಿರೋ, ಮುಗಿಯಿತು. ಬೇಟು ಚುಚ್ಚುವುದನ್ನು ನನ್ನ ಅಳಿಯನಿಗೆ ಬಿಡಿ, ಅವನಿರುವುದೇ ಅದಕ್ಕೆ. ದೋಣಿಯ ಮುಂಭಾಗ ಎತ್ತಿ ಹಾಕುತ್ತದೆ, ಹಿಂಭಾಗದ ನಡುವೆ ಕುಲುಕು ಕಡಿಮೆ. ಹೊಗೆ ಬರುವ ಬದಿಯನ್ನು ಬಿಟ್ಟು ಅಲ್ಲಿ ನಿಲ್ಲಿ.

ಮಾತ್ರೆ ತೆಗೆದುಕೊಳ್ಳುವವರು ನಿಮ್ಮ ವೈದ್ಯರನ್ನು ಕೇಳಿ, ಹಿಂದಿನ ರಾತ್ರಿಯೋ ಹೊರಡುವ ಒಂದೆರಡು ಗಂಟೆ ಮೊದಲೋ ನುಂಗಬೇಕು. ಅಳಿವೆ ದಾಟಿದ ಮೇಲೆ ಜೇಬು ತಡಕುವವರನ್ನು ಎಷ್ಟೋ ಕಂಡಿದ್ದೇನೆ, ಆ ಮಾತ್ರೆ ನೇರವಾಗಿ ಮೀನಿಗೆ ಹೋಗುತ್ತದೆ. ಕೆಲವು ಮಾತ್ರೆಗಳಿಂದ ನಿದ್ದೆ ಬರುತ್ತದೆ, ಹಾಗಾಗಿ ಮರಳುವಾಗ ಕಾರು ಓಡಿಸುವವರು ಬೇರೆಯವರಿರಲಿ. ಖಾಲಿ ಹೊಟ್ಟೆ ಬೇಡ, ಎಣ್ಣೆಯ ಪೂರಿ ಮೊದಲೇ ಬೇಡ. ಎರಡು ಇಡ್ಲಿ, ಚಟ್ನಿ ಇಲ್ಲದೆ. ಹಿಂದಿನ ರಾತ್ರಿ ಮದ್ಯ ಕುಡಿದು ಬಂದವರನ್ನು ನಾನು ಹತ್ತಿಸಿಕೊಳ್ಳುವುದೇ ಇಲ್ಲ.

ಇನ್ನೊಂದು, ವಾಂತಿ ಬಂದರೆ ಗಾಳಿ ಹೋಗುವ ಬದಿಗೆ ಹೋಗಿ. ಗಾಳಿ ಬರುವ ಬದಿಗೆ ಹೋದವರು ಗೆಳೆತನ ಕಳೆದುಕೊಂಡಿದ್ದಾರೆ.

ಪ್ರ: ಕೇಳಲು ಸಂಕೋಚ, ಆದರೂ ಕೇಳುತ್ತೇನೆ. ಆರೇಳು ಗಂಟೆ ದೋಣಿಯಲ್ಲಿ ಹೆಂಗಸರು ಶೌಚಕ್ಕೆ ಏನು ಮಾಡಬೇಕು?
— ತುಮಕೂರಿನ ಓದುಗರು

ಉ: ಸಂಕೋಚ ಪಡಬೇಕಾದವರು ನೀವಲ್ಲ ಅಕ್ಕ, ದೋಣಿಯವರು. ಸಣ್ಣ ಫೈಬರ್ ದೋಣಿಗಳಲ್ಲಿ ಶೌಚಾಲಯ ಇರುವುದಿಲ್ಲ, ಇದನ್ನು ಯಾರೂ ಫೋನಿನಲ್ಲಿ ತಾವಾಗಿ ಹೇಳುವುದಿಲ್ಲ. ನನ್ನ ದೋಣಿಯಲ್ಲಿ ಮುಂಭಾಗದ ಮೂಲೆಗೆ ದಪ್ಪ ಟಾರ್ಪಾಲಿನ ಪರದೆ, ಮುಚ್ಚಳವಿರುವ ಬಕೆಟ್, ಹಿಡಿದುಕೊಳ್ಳಲು ಪೈಪು ಇದೆ. ಅದನ್ನು ಮಾಡಿಸಿದ್ದು ಮಗಳು, ಒಂದು ದಿನ ಜೊತೆಗೆ ಬಂದು ಹೋದ ಮೇಲೆ. ಅದಕ್ಕೂ ಮೊದಲಿನ ಐದು ವರ್ಷ ನನಗೆ ಅದು ಹೊಳೆದಿರಲೇ ಇಲ್ಲ. ನೀವು ಮುಂಗಡ ಕೊಡುವ ಮೊದಲೇ ‘ಏನು ವ್ಯವಸ್ಥೆ’ ಎಂದು ನೇರವಾಗಿ ಕೇಳಿ. ನೀರು ಕುಡಿಯದೆ ಇರುವುದು ಮಾತ್ರ ಪರಿಹಾರವಲ್ಲ. ಆ ಬಿಸಿಲಿಗೆ ಹತ್ತು ಗಂಟೆಗೆಲ್ಲ ತಲೆ ಸುತ್ತುತ್ತದೆ.

ಪ್ರ: ದೋಣಿ ನಂಬಿಕೆಗೆ ಅರ್ಹವೇ ಎಂದು ದಡದಲ್ಲಿ ನಿಂತು ತಿಳಿಯುವುದು ಹೇಗೆ? ದರ ಎಷ್ಟಿರಬೇಕು?
— ಬೆಂಗಳೂರಿನ ಓದುಗರು

ಉ: ದರದ ವಿಚಾರ ಬಿಡಿ, ನಾನು ಬರೆದರೆ ಅಂಕಣ ಜಾಹೀರಾತಾಗುತ್ತದೆ. ದರ ತಲೆಗೋ ದೋಣಿಗೋ, ಅದರಲ್ಲಿ ಡೀಸೆಲ್, ಬೇಟು, ಐಸ್, ಗಾಳ ಸೇರಿದೆಯೋ, ಕಡಲು ಕೆಟ್ಟು ಹೊರಡದಿದ್ದರೆ ಮುಂಗಡ ವಾಪಸೋ, ಇಷ್ಟನ್ನು ಕೇಳಿ. ಸಿಕ್ಕ ಮೀನು ಯಾರದು ಎಂಬುದನ್ನೂ ಕೇಳಿ. ಹೆಚ್ಚಿನ ಜಗಳ ಅಲ್ಲೇ.

ನಂಬಿಕೆಯ ವಿಚಾರಕ್ಕೆ ನಾನಾದರೆ ಮೊದಲು ಲೈಫ್ ಜಾಕೆಟ್ ನೋಡುತ್ತೇನೆ. ತಲೆಗೊಂದು ಇದೆಯೇ, ಕೊಂಡಿ ಗಟ್ಟಿಯಾಗಿದೆಯೇ, ಅಥವಾ ಹೊಚ್ಚ ಹೊಸದಾಗಿ ಪ್ಲಾಸ್ಟಿಕ್ ಕವರಿನಲ್ಲೇ ಇದೆಯೇ? ಕವರಿನಲ್ಲಿದ್ದರೆ ಯಾರೂ ಹಾಕಿಸಿಲ್ಲ ಎಂದರ್ಥ. ವಿಎಚ್‌ಎಫ್ ರೇಡಿಯೋ ಇದ್ದು ತುರ್ತು ಕರೆಯ 16ನೇ ಚಾನೆಲ್ ಹಿಡಿಯಬೇಕು. ಮೊಬೈಲ್ ಆರೇಳು ಮೈಲಿನಾಚೆ ನೆಚ್ಚುವ ವಸ್ತುವಲ್ಲ. ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093, ಎರಡನ್ನೂ ಮನೆಯವರ ಬಳಿ ಬರೆದಿಟ್ಟು ಬನ್ನಿ. ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನೂ ಹೇಳಿ ಬನ್ನಿ. ಮೀನು ಹಿಡಿಯುವ ದೋಣಿಯ ಕಾಗದ ಬೇರೆ, ಜನರನ್ನು ಸಾಗಿಸುವ ದೋಣಿಯ ಪರವಾನಗಿ ಬೇರೆ, ಎರಡನೆಯದನ್ನು ತೋರಿಸಲು ಹೇಳಿ. ನಿಮ್ಮ ಗುರುತಿನ ಚೀಟಿಯೂ ಜೇಬಿನಲ್ಲಿರಲಿ. 2008ರ ಮುಂಬೈ ದಾಳಿಯವರು ಕಡಲ ಮೇಲಿಂದ ಬಂದ ಮೇಲೆ ನಮ್ಮನ್ನೂ ನಿಮ್ಮನ್ನೂ ನಡುನೀರಿನಲ್ಲಿ ತಡೆದು ಕೇಳುವ ಹಕ್ಕು ಪೊಲೀಸರಿಗಿದೆ, ಕೇಳುತ್ತಾರೆ.

ಕೊನೆಗೆ, ತಂಡೇಲರನ್ನು ‘ಇವತ್ತು ಹವಾಮಾನ ಏನು ಹೇಳಿದೆ’ ಎಂದು ಕೇಳಿ. ಹವಾಮಾನ ಇಲಾಖೆ ಮೀನುಗಾರರಿಗೆಂದೇ ಎಚ್ಚರಿಕೆ ಕೊಡುತ್ತದೆ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಅಲೆಯ ಎತ್ತರವನ್ನೂ, ಉಪಗ್ರಹದಿಂದ ನೀರಿನ ಬಿಸಿ, ಹಸಿರು ಅಳೆದು ಮೀನು ಸೇರಬಹುದಾದ ಜಾಗವನ್ನೂ ತಿಳಿಸುತ್ತದೆ. ‘ನನಗೆ ಕಡಲು ಗೊತ್ತು, ಅದೆಲ್ಲ ಬೇಡ’ ಎನ್ನುವ ತಂಡೇಲರ ದೋಣಿ ಹತ್ತಬೇಡಿ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಏಳು ಮಂದಿ ಮರಳಲಿಲ್ಲ. ಅವರಿಗೂ ಕಡಲು ಗೊತ್ತಿತ್ತು.

ಪ್ರ: ಜೂನ್ ರಜೆಯಲ್ಲಿ ಬರಬಹುದೇ?
— ರಾಯಚೂರಿನ ಓದುಗರು

ಉ: ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ಮೀನು ಹಿಡಿಯಲು ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಮಳೆಗಾಲದ ಕಡಲೂ ಬಾಯಿ ತೆರೆದುಕೊಂಡೇ ಇರುತ್ತದೆ. ಆಗಸ್ಟಿನಲ್ಲಿ ವಡಭಾಂಡೇಶ್ವರದಲ್ಲಿ ಸಮುದ್ರ ಪೂಜೆಯಾಗಿ ಹಾಲು, ತೆಂಗಿನಕಾಯಿ ಒಪ್ಪಿಸಿದ ಮೇಲೆ ದೊಡ್ಡ ಬೋಟುಗಳು ಹೊರಡುತ್ತವೆ. ಗಾಳಕ್ಕೆ ಬರುವವರು ನವೆಂಬರಿನಿಂದ ಫೆಬ್ರವರಿಯವರೆಗೆ ಬನ್ನಿ. ಮಾರ್ಚ್, ಏಪ್ರಿಲಿನಲ್ಲೂ ಆಗುತ್ತದೆ, ಆದರೆ ನೀವು ಹುರಿದ ಮೀನಿನ ಬಣ್ಣಕ್ಕೆ ತಿರುಗುತ್ತೀರಿ.

ಪ್ರ: ನಾವು ಸಸ್ಯಾಹಾರಿಗಳು. ಮಗನಿಗೆ ಗಾಳ ಹಾಕುವ ಆಸೆ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಟ್ಟರೆ ಪಾಪವಿಲ್ಲವಲ್ಲ?
— ಶಿವಮೊಗ್ಗದ ಓದುಗರು

ಉ: ಪಾಪದ ಲೆಕ್ಕ ನನ್ನ ಇಲಾಖೆಯಲ್ಲ. ಆದರೆ ‘ಬಿಟ್ಟರೆ ಬದುಕುತ್ತದೆ’ ಎಂಬುದು ಎಲ್ಲ ಮೀನಿಗೂ ನಿಜವಲ್ಲ, ಇದನ್ನು ಹೇಳಲೇಬೇಕು. ಕೆಂಬೇರಿ, ಮುರುಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲವಿದೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಮೂವತ್ತು ಮೀಟರ್ ತಳದಿಂದ ಎಳೆದಾಗ ಆ ಚೀಲದ ಗಾಳಿ ನಾಲ್ಕು ಪಟ್ಟು ಉಬ್ಬುತ್ತದೆ. ಮೀನು ಮೇಲೆ ಬರುವಾಗ ಕಣ್ಣು ಹೊರಗೆ ಬಂದಿರುತ್ತದೆ, ಹೊಟ್ಟೆಯ ಒಳಭಾಗ ಬಾಯಿಗೆ ಬಂದಿರುತ್ತದೆ. ಅದನ್ನು ನೀರಿಗೆ ಬಿಟ್ಟರೆ ಬಲೂನಿನಂತೆ ತೇಲುತ್ತದೆ, ಗಿಡುಗ ಎತ್ತಿಕೊಂಡು ಹೋಗುತ್ತದೆ. ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ. ಸೀಸದ ಗುಂಡಿಗೆ ಸಿಕ್ಕಿಸಿ ಮತ್ತೆ ತಳಕ್ಕೆ ಇಳಿಸಿ ಬಿಡುವ ಸಾಧನವಿದೆ. ನಾನು ಒಂದು ಇಟ್ಟುಕೊಂಡಿದ್ದೇನೆ. ಹಾಗೆ ಇಳಿಸಿದರೆ ಕೆಲವು ಬದುಕುತ್ತವೆ.

ಅಂಜಲಿಗೆ ಗಾಳಿಚೀಲವೇ ಇಲ್ಲ, ಆ ಕಷ್ಟ ಅದಕ್ಕಿಲ್ಲ. ಆದರೆ ಅದು ಸದಾ ಈಜುತ್ತಲೇ ಉಸಿರಾಡುವ ಮೀನು. ಹತ್ತು ನಿಮಿಷ ಎಳೆದಾಡಿ, ಐದು ನಿಮಿಷ ಎದೆಗಪ್ಪಿಕೊಂಡು ಫೋಟೋ ತೆಗೆಸಿಕೊಂಡರೆ ಆಮೇಲೆ ಬಿಟ್ಟೂ ಒಂದೇ, ಬಿಡದೆಯೂ ಒಂದೇ.

ನಿಮ್ಮ ಮಗನಿಗೆ ನನ್ನ ಸಲಹೆ ಇಷ್ಟು. ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಸಪಾಟು ಮಾಡಿದ ಗಾಳದಲ್ಲಿ, ಮೇಲುನೀರಿನಲ್ಲಿ ಬಂಗುಡೆ ಹಿಡಿಯಲಿ. ಒದ್ದೆ ಕೈಯಿಂದ ಹಿಡಿದು, ದೋಣಿಯ ಹಲಗೆಗೆ ಬೀಳಿಸದೆ, ತಕ್ಷಣ ಬಿಡಲಿ. ಹತ್ತು ಹಿಡಿಯುವುದು ಬೇಡ, ಎರಡು ಸಾಕು. ಉಳಿದ ಹೊತ್ತು ದೋಣಿಯ ಚುಕ್ಕಾಣಿ ಹಿಡಿಯಲಿ, ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಗುತ್ತದೆ.

ಈ ಮಾತಿಗೆ ಸೇರಿದ್ದೇ ಇನ್ನೊಂದು: ಮುರುಮೀನು ಮೊದಲು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುವ ಜಾತಿ. ಫೋಟೋಕ್ಕೆಂದು ಎಲ್ಲರೂ ಬಯಸುವ ಹತ್ತು ಕಿಲೋದ ಮುರುಮೀನು ಆ ಬಂಡೆಯ ಗಂಡಾಗಿರುವ ಸಂಭವ ಹೆಚ್ಚು. ಅದನ್ನು ತೆಗೆದರೆ ಆ ಬಂಡೆಯ ಸಂತತಿಗೇ ಪೆಟ್ಟು ಬೀಳಬಹುದು. ಅಪ್ಪನಿಗೆ ಈ ವಿಜ್ಞಾನ ಗೊತ್ತಿರಲಿಲ್ಲ, ಆದರೆ ಒಂದೇ ಬಂಡೆಗೆ ವಾರದಲ್ಲಿ ಎರಡು ಸಲ ಹೋಗುತ್ತಿರಲಿಲ್ಲ.

ಪ್ರ: ನಮ್ಮ ಗಾಳಕ್ಕೆ ಕಡುನೀಲಿ ಬಣ್ಣದ, ಕೆಂಪು ಹಲ್ಲಿನ ಮೀನು ಸಿಕ್ಕಿತು. ದೋಣಿಯವರು ‘ಕಾರ್ಗಿಲ್’ ಎಂದು ನಕ್ಕು ಎಸೆದುಬಿಟ್ಟರು. ಅಪರೂಪದ ಮೀನನ್ನು ಕಳೆದುಕೊಂಡೆವೇ?
— ಹಾಸನದ ಓದುಗರು

ಉ: ಇಲ್ಲ. ಕಾರ್ಗಿಲ್ ಮೀನು ಬಂದರೆ ರಾಶಿ ರಾಶಿ ಬರುತ್ತದೆ. ಚರ್ಮ ಚಪ್ಪಲಿಯಷ್ಟು ಗಟ್ಟಿ, ಹೆಚ್ಚಿನದು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಹೆಸರು ಹೇಗೆ ಬಂತೆಂದು ದಕ್ಕೆಯಲ್ಲಿ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ಆದರೆ ಮುಂದಿನ ಸಲ ಎಸೆಯುವ ಮೊದಲು ಅದರ ಬೆನ್ನಿನ ಮುಳ್ಳನ್ನು ನೋಡಿ. ಮೊದಲ ಮುಳ್ಳು ನೆಟ್ಟಗೆ ನಿಂತರೆ ಎಷ್ಟು ಒತ್ತಿದರೂ ಬಗ್ಗುವುದಿಲ್ಲ. ಹಿಂದಿನ ಸಣ್ಣ ಮುಳ್ಳನ್ನು ಒತ್ತಿ, ಬಂದೂಕಿನ ಕುದುರೆ ಒತ್ತಿದಂತೆ ಮುಂದಿನದು ಮಡಚಿಕೊಳ್ಳುತ್ತದೆ. ಬಂಡೆಯ ಸಂದಿಗೆ ಹೊಕ್ಕು ಈ ಬೀಗ ಹಾಕಿಕೊಂಡರೆ ಅದನ್ನು ಯಾರೂ ಎಳೆಯಲಾರರು.

ಗುರುತು ಸಿಗದ ಮೀನಿಗೆ ಕೈ ಹಾಕುವ ಮೊದಲು ಮಾತ್ರ ಕೇಳಿ. ತೊರಕೆ (ಸ್ಟಿಂಗ್‌ರೇ) ಮೀನಿನ ಬಾಲದ ಮುಳ್ಳೋ, ಮೀಸೆ ಇರುವ ಮೀನಿನ ರೆಕ್ಕೆಯ ಮುಳ್ಳೋ ಚುಚ್ಚಿದರೆ, ತಡೆಯುವಷ್ಟು ಬಿಸಿಯಾದ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿಡಬೇಕು. ವಿಷದ ಉರಿ ಬಿಸಿಗೆ ತಗ್ಗುತ್ತದೆ. ಐಸ್ ಇಡುವುದು ತಪ್ಪು. ಆಮೇಲೆ ಆಸ್ಪತ್ರೆ. ನನ್ನ ದೋಣಿಯಲ್ಲಿ ಚಹಾದ ಫ್ಲಾಸ್ಕ್ ಎರಡಿರುವುದು ಇದಕ್ಕೇ, ಒಂದರಲ್ಲಿ ಬರೀ ಬಿಸಿನೀರು.

ತಿಮಿಂಗಿಲ ಶಾರ್ಕ್, ಆಮೆ, ಡಾಲ್ಫಿನ್ ಕಂಡರೆ ಗಾಳ ಮೇಲೆತ್ತಿ ನೋಡುತ್ತ ನಿಲ್ಲಿ. ಮೂರೂ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಜೀವಿಗಳು.

ಪ್ರ: ನಾನು ಕುಂದಾಪುರದವನು, ಮಸ್ಕತ್ತಿನಲ್ಲಿ ಕೆಲಸ. ಇಲ್ಲಿ ಅರ್ಧ ದಿನದ ದೋಣಿ ಹಿಡಿದು ಅಂಜಲ್ ಗಾಳಕ್ಕೆ ಹೋಗುತ್ತೇವೆ. ರಜೆಯಲ್ಲಿ ಊರಿಗೆ ಬಂದಾಗ ಹೋದರೆ ಅಷ್ಟು ದೊಡ್ಡದು ಸಿಗುವುದಿಲ್ಲ. ಏಕೆ?
— ಮಸ್ಕತ್ತಿನ ಓದುಗರು

ಉ: ನೀವಿರುವಲ್ಲಿ ದಡ ಬಿಟ್ಟ ಸ್ವಲ್ಪದರಲ್ಲೇ ಕಡಲು ಆಳಕ್ಕೆ ಇಳಿಯುತ್ತದೆ, ದೊಡ್ಡ ಮೀನು ದಡದ ಹತ್ತಿರವೇ ಸುಳಿಯುತ್ತದೆ. ನಮ್ಮ ಕಡಲು ತಟ್ಟೆಯಂತೆ. ಇಪ್ಪತ್ತು ಕಿಲೋಮೀಟರ್ ಹೋದರೂ ಇಪ್ಪತ್ತು ಮಾರು. ಎರಡನೆಯದಾಗಿ, ನಿಮ್ಮಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅಂಜಲ್ ಹಿಡಿಯುವುದನ್ನೇ ನಿಲ್ಲಿಸುತ್ತಾರೆ, ಅದೊಂದೇ ಮೀನಿಗಾಗಿ. ಮೂರನೆಯದು ಬರೆಯಲು ಕೈ ಹಿಂಜರಿಯುತ್ತದೆ. ರಾತ್ರಿ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನೂ, ಎರಡು ಬೋಟುಗಳ ನಡುವೆ ಬಲೆ ಕಟ್ಟಿ ಗುಡಿಸುವುದನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ರಾತ್ರಿ ಮಲ್ಪೆಯ ದಡದಲ್ಲಿ ನಿಂತು ಪಡುವಣ ದಿಕ್ಕು ನೋಡಿ, ಹಗಲೋ ಎಂಬಂಥ ಬೆಳಕು ಯಾರದೆಂದು ನೀವೇ ಹೇಳಿ. ನಾನೂ ಹತ್ತೊಂಬತ್ತು ವರ್ಷ ಟ್ರಾಲ್ ಎಳೆದವನು, ಬೆರಳಿನಷ್ಟುದ್ದದ ಮರಿಗಳನ್ನು ಬುಟ್ಟಿಗಟ್ಟಲೆ ಮೀನುಹಿಟ್ಟಿಗೆ ಸುರಿದವನು. ಆದ್ದರಿಂದ ದನಿ ಏರಿಸುವುದಿಲ್ಲ.

ಪ್ರ: ಜಿಪಿಎಸ್ ಇಲ್ಲದ ಕಾಲದಲ್ಲಿ ನಡುನೀರಿನಲ್ಲಿ ಬಂಡೆಯ ಜಾಗ ಹೇಗೆ ಹುಡುಕುತ್ತಿದ್ದಿರಿ?
— ಮಂಡ್ಯದ ಓದುಗರು

ಉ: ಬಹಳ ಒಳ್ಳೆಯ ಪ್ರಶ್ನೆ, ಹಾಗಾಗಿ ಪೂರ್ತಿ ಉತ್ತರ ಕೊಡುವುದಿಲ್ಲ. ದಡದ ಮೇಲೆ ಎರಡು ಜೊತೆ ಗುರುತು ಬೇಕು. ತೆಂಕಣಕ್ಕೆ ಕಾಪು ದೀಪಸ್ತಂಭ, 1901ರಿಂದ ಅಲ್ಲೇ ನಿಂತಿದೆ. ಅದರ ಹಿಂದೆ ಒಂದು ಗುಡ್ಡದ ಇಳಿಜಾರು ಸರಿಯಾಗಿ ಕೂಡಬೇಕು. ಬಡಗಣಕ್ಕೆ ಇನ್ನೊಂದು ಜೊತೆ: ಮುಂದೆ ಒಂದು ತೆಂಗಿನ ತೋಪು, ಹಿಂದೆ ಘಟ್ಟದ ಒಂದು ಶಿಖರ. ಎರಡು ಗೆರೆಗಳೂ ಒಂದೇ ಸಲ ಕೂಡಿದ ಕಡೆ ದೋಣಿಯ ಕೆಳಗೆ ಬಂಡೆ. ಎರಡು ಮಾರು ಅತ್ತಿತ್ತ ಆಗುತ್ತಿರಲಿಲ್ಲ. ಯಾವ ಗುಡ್ಡ, ಯಾವ ತೋಪು ಎಂಬುದನ್ನು ಅಪ್ಪ ಹೇಳಿದ್ದು ನನಗೆ ಮೀಸೆ ಬಂದ ಮೇಲೆ. ಆ ತೋಪನ್ನು ಕಡಿದು ಈಗ ರೆಸಾರ್ಟ್ ಕಟ್ಟಿದ್ದಾರೆ. ಅದರ ಕೆಂಪು ಚಾವಣಿಯೂ ಗುರುತಿಗೆ ಆಗುತ್ತದೆ, ಸುಳ್ಳು ಹೇಳಬಾರದು.

ಪ್ರ: ಹಿಡಿದ ಮೀನನ್ನು ಬೆಂಗಳೂರಿಗೆ ಒಯ್ಯಬಹುದೇ?
— ಬೆಂಗಳೂರಿನ ಇನ್ನೊಬ್ಬ ಓದುಗರು

ಉ: ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್, ಹಿಡಿದ ಕ್ಷಣದಿಂದ. ಫೋಟೋ ಆಮೇಲೆ. ಬಂಗುಡೆ, ಕೇದರ, ಅಂಜಲ್ ಬಿಸಿಲಿನಲ್ಲಿ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮೀನ್ ಕೂಡಿಕೊಳ್ಳುತ್ತದೆ. ಆಮೇಲೆ ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ‘ಮಲ್ಪೆ ಮೀನು ಒಗ್ಗಲಿಲ್ಲ’ ಎಂದು ನಮ್ಮ ಊರಿಗೆ ಕೆಟ್ಟ ಹೆಸರು. ಅಂಜಲನ್ನು ಹಿಡಿದ ಕೂಡಲೇ ಕಿವಿರಿನ ಬಳಿ ಕೊಯ್ದು ರಕ್ತ ಹರಿಸಿ, ಕರುಳು ತೆಗೆದು ಐಸಿಗೆ ಇಡುತ್ತೇವೆ. ಘಟ್ಟ ಹತ್ತುವಾಗ ಕರಗಿದ ನೀರು ಬಸಿದು, ಮತ್ತೆ ಐಸ್ ತುಂಬಿಸಿ. ಇಷ್ಟು ಮಾಡಲು ಸೋಮಾರಿತನವಾದರೆ ಮೀನನ್ನು ಇಲ್ಲಿಯೇ ಕೊಟ್ಟು ಹೋಗಿ, ತಿನ್ನುವವರು ಬೇಕಾದಷ್ಟಿದ್ದೇವೆ.

ಪ್ರ: ನನಗೆ 72 ವರ್ಷ, ನಿವೃತ್ತ ಮೇಷ್ಟ್ರು. ಭೂಗೋಳ ಪಾಠ ಮಾಡಿದವನು ಕಡಲಿನ ಒಳಗಿನಿಂದ ಪಶ್ಚಿಮ ಘಟ್ಟವನ್ನು ಒಮ್ಮೆಯೂ ನೋಡಿಲ್ಲ. ಮೀನು ಹಿಡಿಯುವ ಆಸೆ ಇಲ್ಲ. ಸುಮ್ಮನೆ ಕುಳಿತುಕೊಳ್ಳಲು ಬರಬಹುದೇ?
— ಚಿತ್ರದುರ್ಗದ ಓದುಗರು

ಉ: ಮೇಷ್ಟ್ರೇ, ಬನ್ನಿ. ವೈದ್ಯರು ಒಪ್ಪಿದರೆ ಸಾಕು. ಡಿಸೆಂಬರ್ ಕೊನೆ, ಜನವರಿ ಒಳ್ಳೆಯದು, ಗಾಳಿಯಲ್ಲಿ ಮಂಜು ಕಡಿಮೆ ಇರುವ ಬೆಳಿಗ್ಗೆ ಸಿಕ್ಕರೆ. ಎಂಜಿನ್ ಪೆಟ್ಟಿಗೆಯ ಎಡಕ್ಕೆ ಬೆನ್ನು ಆನಿಸುವ ಒಂದು ಹಲಗೆ ಇದೆ, ಅದು ನಿಮಗೆ. ಹೋಗುವಾಗ ಮುಖ ಹಿಂದಕ್ಕೆ ಮಾಡಿ ಕುಳಿತುಕೊಳ್ಳಿ. ಮೊದಲು ದಡದ ತೆಂಗು ಮುಳುಗುತ್ತದೆ, ಆಮೇಲೆ ಹತ್ತಿರದ ಗುಡ್ಡಗಳು ತಗ್ಗುತ್ತವೆ, ಘಟ್ಟ ಮಾತ್ರ ಏಳುತ್ತ ಬರುತ್ತದೆ. ಈಶಾನ್ಯಕ್ಕೆ ಕೊಡಚಾದ್ರಿ. ಮೂಡಣಕ್ಕೆ, ತುಸು ತೆಂಕಣದ ಕಡೆಗೆ, ಕುದುರೆಮುಖ, 1,894 ಮೀಟರ್. ಹಾಯಿಹಡಗಿನ ಕಾಲದ ನಾವಿಕರಿಗೆ ದಡ ಹತ್ತಿರವಾಯಿತೆಂದು ತಿಳಿಸುತ್ತಿದ್ದ ಗುರುತು ಅದು. ಭೂಮಿ ಗುಂಡಗಿದೆ ಎಂದು ನೀವು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೀರೋ ಏನೋ; ಆ ತೆಂಗು ಮುಳುಗುವುದನ್ನು ನನ್ನ ಅಳಿಯನಿಗೆ ಒಮ್ಮೆ ವಿವರಿಸಿ, ಅವನು ಇನ್ನೂ ನಂಬಿಲ್ಲ.

ನಿಮ್ಮಿಂದ ಹಣ ಬೇಡ. ಐದೂಕಾಲಕ್ಕೆ ದಕ್ಕೆಗೆ ಬನ್ನಿ. ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬನ್ನಿ.